ಕೆಂಪು ಕಾಣದ ಫಿಲ್ಮು, ಬಣ್ಣ ಹಚ್ಚದ ಮುಖ

ಹಳೆಯ ಮೂಕಿ ಚಿತ್ರಗಳಲ್ಲಿ ನಟರ ಮುಖ ಸುಣ್ಣ ಬಳಿದ ಹಾಗಿರುತ್ತದೆ, ತುಟಿ ಕಪ್ಪಗಿರುತ್ತದೆ. ‘ನಾಟಕದವರಲ್ವಾ, ಮೇಕಪ್ ಜಾಸ್ತಿ’ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ತಪ್ಪು ನಟರದ್ದಲ್ಲ, ಫಿಲ್ಮಿನದು. ಅದಕ್ಕೆ ಕೆಂಪು ಕಾಣುತ್ತಿರಲಿಲ್ಲ!

ಕೆಂಪು ಕಂಡರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ 1928ರ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ನೋಡಬೇಕು. ಡೆನ್ಮಾರ್ಕಿನ ಕಾರ್ಲ್ ಥಿಯೊಡರ್ ಡ್ರೇಯರ್ ಫ್ರಾನ್ಸಿನಲ್ಲಿ ತೆಗೆದ ಚಿತ್ರ ಇದು. 1431ರಲ್ಲಿ ಫ್ರಾನ್ಸಿನ ರುವಾನ್ ಊರಿನಲ್ಲಿ, ಇಂಗ್ಲಿಷರ ವಿರುದ್ಧ ಸೇನೆ ಮುನ್ನಡೆಸಿದ್ದ ಸುಮಾರು 19 ವರ್ಷದ ಜೋನ್‌ಳನ್ನು ವಿಚಾರಣೆ ನಡೆಸಿ ಜೀವಂತ ಸುಟ್ಟರು. ಆ ವಿಚಾರಣೆಯ ದಾಖಲೆಯೇ ಚಿತ್ರದ ಕಥೆಗೆ ಆಧಾರ. ಜೋನ್ ಪಾತ್ರ ಮಾಡಿದವರು ರಂಗಭೂಮಿಯ ನಟಿ ರೆನೆ ಫಾಲ್ಕೊನೆಟ್ಟಿ. ಪರದೆ ತುಂಬ ಅವರ ಮುಖ. ಒಣಗಿದ ತುಟಿ, ಕೆನ್ನೆ ಮೇಲೆ ನಿಧಾನವಾಗಿ ಇಳಿಯುವ ಕಣ್ಣೀರು. ಎದುರು ಕೂತ ನ್ಯಾಯಾಧೀಶರ ಮುಖದ ಸುಕ್ಕು, ನರಹುಲಿ ಕೂಡ ಬಿಡಿಬಿಡಿಯಾಗಿ ಕಾಣುತ್ತವೆ. ಯಾರಿಗೂ ಮೇಕಪ್ ಇಲ್ಲ. ಜೋನ್‌ಳ ಕೂದಲು ಕತ್ತರಿಸುವ ದೃಶ್ಯದಲ್ಲಿ ಫಾಲ್ಕೊನೆಟ್ಟಿಯವರ ಕೂದಲನ್ನು ನಿಜವಾಗಿಯೇ ಕತ್ತರಿಸಿದರು.

ಛಾಯಾಗ್ರಾಹಕ ರುಡಾಲ್ಫ್ ಮಾಟೆ ಬಳಸಿದ್ದು ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು, ಅಂದರೆ ಕೆಂಪೂ ಸೇರಿ ಎಲ್ಲ ಬಣ್ಣ ಕಾಣುವ ಫಿಲ್ಮು. ಅದಕ್ಕಿಂತ ಹಿಂದಿನದು ಆರ್ಥೊಕ್ರೊಮ್ಯಾಟಿಕ್. ಅದಕ್ಕೆ ನೀಲಿ, ಹಸಿರು ಕಾಣುತ್ತಿದ್ದವು, ಕೆಂಪು ಇಲ್ಲ. ನೀಲಿ ಆಕಾಶ ಬರೀ ಬಿಳಿ, ಹಣೆಯ ಕುಂಕುಮ ಮಸಿ ಬೊಟ್ಟು. ನಮ್ಮ ಚರ್ಮದಲ್ಲಿ ಕೆಂಪಿನ ಅಂಶ ಜಾಸ್ತಿ, ಹಾಗಾಗಿ ಮುಖವೆಲ್ಲ ಕಲೆ ಕಲೆ. ಅದನ್ನು ಮುಚ್ಚೋಕೆ ಆ ದಪ್ಪ ಲೇಪ.

ಕೆಂಪು ಯಾಕೆ ಕಾಣಲ್ಲ? ಫಿಲ್ಮಿನಲ್ಲಿರುವ ಬೆಳ್ಳಿ ಲವಣದ ಹರಳಿನೊಳಗೆ ಎಲೆಕ್ಟ್ರಾನೊಂದನ್ನು ಎಬ್ಬಿಸಿ ಓಡಿಸಿದರೆ ಮಾತ್ರ ಚಿತ್ರ ಮೂಡುತ್ತದೆ. ಬೆಳಕು ಸಣ್ಣ ಸಣ್ಣ ಕಂತೆಗಳಾಗಿ ಬರುತ್ತದೆ. ನೀಲಿಯ ಕಂತೆಗೆ ಕಸುವು ಹೆಚ್ಚು, ಕೆಂಪಿನದಕ್ಕೆ ಕಡಿಮೆ. ಮಾವಿನಕಾಯಿಗೆ ಕಲ್ಲು ಹೊಡೆಯೋದು ನೆನಪಿಸಿಕೊಳ್ಳಿ. ಹರಳುಕಲ್ಲು ನೂರು ಎಸೆದರೂ ಕಾಯಿ ಅಲುಗಲ್ಲ, ದಪ್ಪ ಕಲ್ಲು ಒಂದು ತಗುಲಿದರೆ ಸಾಕು. ಇನ್ನೊಂದು ರೀತಿ ಹೇಳ್ತೀನಿ. ಎಲೆಕ್ಟ್ರಾನು ಕಲ್ಯಾಣಿಯ ತಳದಲ್ಲಿ ನಿಂತಿದೆ ಅನ್ಕೊಳ್ಳಿ. ಒಂದೇ ನೆಗೆತಕ್ಕೆ ದಡ ಸೇರಬೇಕು. ಕೆಂಪು ಬೆಳಕು ಕೊಡುವ ಬಲಕ್ಕೆ ಅದು ಆಗದ ಕೆಲಸ. ಆದರೆ ನಡುವಿನ ಮೆಟ್ಟಿಲ ಮೇಲೆ ಇನ್ನೊಂದು ಎಲೆಕ್ಟ್ರಾನು ನಿಂತಿದ್ದರೆ? ಅದಕ್ಕೆ ಕೆಂಪಿನ ಸಣ್ಣ ನೂಕು ಸಾಕು, ದಡಕ್ಕೆ ಬಂದುಬಿಡುತ್ತದೆ.

ಆ ಮೆಟ್ಟಿಲೇ ಫಿಲ್ಮಿಗೆ ಬೆರೆಸುವ ಬಣ್ಣದ ರಾಸಾಯನಿಕ. 1873ರಲ್ಲಿ ಬರ್ಲಿನ್ನಿನ ರಸಾಯನ ವಿಜ್ಞಾನಿ ಹೆರ್ಮನ್ ಫೋಗೆಲ್ ಫೋಟೊ ತೆಗೆಯುವ ಗಾಜಿನ ಫಲಕಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಬಗೆಯ ಫಲಕ ಹಸಿರಿಗೂ ಸ್ಪಂದಿಸಿತು! ಬೆಳಕು ಚದುರದಿರಲಿ ಅಂತ ಅದಕ್ಕೆ ಹಳದಿ ಬಣ್ಣ ಬೆರೆಸಿದ್ದರು. ಬೆಳಕು ಹಿಡಿಯುತ್ತಿದ್ದದ್ದು ಆ ಬಣ್ಣವೇ ಅಂತ ಫೋಗೆಲ್ ಕಂಡುಕೊಂಡರು. ಕೆಂಪನ್ನು ಹಿಡಿಯುವ ಬಣ್ಣಗಳು ಆಮೇಲೆ ಬಂದವು. ಒಂದು ತೊಂದರೆಯೂ ಬಂತು. ಮೊದಲು ಕೆಂಪು ದೀಪದಲ್ಲಿ ಫಿಲ್ಮು ತೊಳೆಯಬಹುದಿತ್ತು, ಈಗ ಕಗ್ಗತ್ತಲೆಯೇ ಬೇಕಾಯಿತು.

ಡ್ರೇಯರ್ ಕೋಟೆಯ ಸೆಟ್ಟಿಗೆ ಗುಲಾಬಿ ಬಣ್ಣ ಬಳಿಸಿದ್ದರು. ಬಿಳಿ ಆಕಾಶದ ಎದುರು ಗೋಡೆ ತಿಳಿ ಬೂದಾಗಿ ಕಾಣಲಿ ಅಂತ.

1928ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಚಿತ್ರದ ಮೂಲ ನೆಗೆಟಿವ್ ಸುಟ್ಟುಹೋಯಿತು. ಬಳಸದೆ ಉಳಿದಿದ್ದ ಶಾಟ್‌ಗಳಿಂದ ಡ್ರೇಯರ್ ಇನ್ನೊಂದು ಪ್ರತಿ ಕಟ್ಟಿದರು. ಮರುವರ್ಷ ಅದಕ್ಕೂ ಬೆಂಕಿ. ಸುಟ್ಟು ಕೊಂದ ಹುಡುಗಿಯ ಚಿತ್ರ ಎರಡು ಸಲ ಸುಟ್ಟಿತು ಅಂದರೆ ‘ಶಾಪ’ ಅನ್ನೋದು ಸುಲಭ. ದಯವಿಟ್ಟು ಹಾಗನ್ನಬೇಡಿ. ಆಗಿನ ಫಿಲ್ಮು ನೈಟ್ರೋಸೆಲ್ಯುಲೋಸ್‌ನದು, ಸಿಡಿಮದ್ದಿನ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹೊತ್ತಿಕೊಂಡ ಮೇಲೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ.

ಆ ಮೂಲ ರೂಪ ಇನ್ನಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1981ರಲ್ಲಿ ನಾರ್ವೆಯ ಓಸ್ಲೊ ಬಳಿ, ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯ ಒಂದು ಕಪಾಟಿನಲ್ಲಿ ಫಿಲ್ಮ್ ಡಬ್ಬಿಗಳು ಸಿಕ್ಕವು. ಒಳಗಿದ್ದದ್ದು ಸೆನ್ಸಾರ್ ಕತ್ತರಿ ಬೀಳುವ ಮುಂಚಿನ ಜೋನ್. ಅದೇ ನೈಟ್ರೇಟ್ ಫಿಲ್ಮು, ಅರ್ಧ ಶತಮಾನ ಕಳೆದರೂ ಸುಡದೆ, ಕರಗಿ ಅಂಟಾಗದೆ ಉಳಿದಿತ್ತು.