ಆಂಟ್ಲರ್ ಪಾಯಿಂಟ್ ರಿಸ್ಟ್ರಿಕ್ಷನ್: ಯಾವ ಕೊಂಬಿನ ಜಿಂಕೆಯನ್ನು ಹೊಡೆಯಬಹುದು?

ಅಮೆರಿಕದ ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಕೈಯಲ್ಲಿದ್ದರೂ ಕಂಡ ಗಂಡು ಜಿಂಕೆಯನ್ನೆಲ್ಲ ಹೊಡೆಯುವಂತಿಲ್ಲ. ಅದರ ಕೊಂಬು ರಾಜ್ಯ ಗೊತ್ತುಮಾಡಿದ ಅಳತೆಗೆ ಬಂದಿರಬೇಕು. ಈ ನಿಯಮವೇ ಆಂಟ್ಲರ್ ಪಾಯಿಂಟ್ (ಕೊಂಬಿನ ಕವಲು) ರಿಸ್ಟ್ರಿಕ್ಷನ್. ಒಂದೂವರೆ ವರ್ಷದ ಎಳೆ ಗಂಡುಗಳನ್ನು ಉಳಿಸುವುದು ಇದರ ಉದ್ದೇಶ. ದೂರದಿಂದ ವಯಸ್ಸು ತಿಳಿಯುವುದು ಕಷ್ಟ, ಕೊಂಬಾದರೆ ಕಾಣುತ್ತದೆ. ಅದಕ್ಕೇ ಕೊಂಬೇ ವಯಸ್ಸಿನ ಗುರುತು. (ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಜಿಂಕೆ ಬೇಟೆಯನ್ನೇ ನಿಷೇಧಿಸಿರುವುದರಿಂದ ಈ ಲೆಕ್ಕಕ್ಕೆ ಇಲ್ಲಿ ಕೆಲಸವಿಲ್ಲ.)

ಪೆನ್ಸಿಲ್ವೇನಿಯಾದಲ್ಲಿ ಈ ನಿಯಮ ಬಂದದ್ದು 2002ರಲ್ಲಿ. ಅಲ್ಲಿನ ಹೆಚ್ಚಿನ ವಲಯಗಳಲ್ಲಿ ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ 3 ಕವಲು ಇರಬೇಕು. ಹೊಸಬರು ಎಡವುವುದು ಇಲ್ಲೇ: ಎರಡೂ ಬದಿ ಕೂಡಿಸಿ ‘ನಾಲ್ಕಿವೆ’ ಎಂದು ಟ್ರಿಗರ್ ಒತ್ತುತ್ತಾರೆ, ಬದಿಗೆ ಎರಡೇ ಇರುತ್ತವೆ. ಕವಲು ಅನ್ನಿಸಿಕೊಳ್ಳಲು ಬುಡದಿಂದ ತುದಿಗೆ 1 ಇಂಚಾದರೂ ಉದ್ದ ಬೇಕು. ಮುಖ್ಯ ಕೊಂಬಿನ ತುದಿ ಮಾತ್ರ ಎಷ್ಟೇ ಗಿಡ್ಡವಿದ್ದರೂ ಒಂದು ಕವಲೆಂದೇ ಲೆಕ್ಕ. ರಾಜ್ಯದ ಪಶ್ಚಿಮದ ಕೆಲವು ವಲಯಗಳಲ್ಲಿ ಬ್ರೋ ಟೈನನ್ನು, ಅಂದರೆ ಹಣೆಯ ಬಳಿ ಕೊಂಬಿನ ಬುಡದಲ್ಲೇ ಏಳುವ ಮೊದಲ ಕವಲನ್ನು, ಬಿಟ್ಟು ಮೂರು ಎಣಿಸಬೇಕು. ಕಿವಿ ಮತ್ತು ನೆತ್ತಿಯ ಕೂದಲಿನ ಮರೆಯಲ್ಲಿರುವ ಆ ಕವಲು ಮಬ್ಬು ಬೆಳಕಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಅದನ್ನು ಲೆಕ್ಕದಿಂದ ಕೈಬಿಟ್ಟದ್ದು ಬೇಟೆಗಾರನಿಗೇ ಅನುಕೂಲ. ಕಿರಿಯ ಬೇಟೆಗಾರರಿಗೆ ನಿಯಮ ಸಡಿಲ: ಒಂದು ಬದಿಗೆ 2 ಕವಲು, ಇಲ್ಲವೇ 3 ಇಂಚಿನ ಸ್ಪೈಕ್, ಅಂದರೆ ಕವಲೊಡೆಯದ ಒಂಟಿ ಕೊಂಬು, ಇದ್ದರೆ ಸಾಕು.

ಟೆಕ್ಸಸ್‌ನ ಹಲವು ಕೌಂಟಿಗಳಲ್ಲಿ ಕವಲಿನ ಬದಲು ಅಗಲ ನೋಡುತ್ತಾರೆ. ಎರಡು ಮುಖ್ಯ ಕೊಂಬುಗಳ ಒಳಅಂಚುಗಳ ನಡುವೆ, ಅತಿ ಅಗಲವಾದ ಕಡೆ, 13 ಇಂಚು ಇರಬೇಕು. ಬೈನಾಕ್ಯುಲರ್‌ನಲ್ಲಿ ಟೇಪ್ ಹಿಡಿಯಲಾಗದು, ಕಿವಿಯೇ ಅಳತೆಗೋಲು. ಎಚ್ಚೆತ್ತು ನಿಂತ ಗಂಡಿನ ಕಿವಿಯ ತುದಿಯಿಂದ ತುದಿಗೆ ಸುಮಾರು 13 ಇಂಚು. ಕೊಂಬುಗಳ ಒಳಅಂಚು ಕಿವಿತುದಿಯವರೆಗೆ ಚಾಚಿದ್ದರೆ ಅಡ್ಡಿಯಿಲ್ಲ. ಆದರೆ ಜಿಂಕೆ ನೇರ ನಿಮ್ಮ ಕಡೆ ಅಥವಾ ನೇರ ಆಚೆ ಮುಖ ಮಾಡಿರಬೇಕು. ಓರೆಯಾಗಿ ನಿಂತರೆ ಅಗಲ ತಪ್ಪಾಗಿ ತೋರುತ್ತದೆ. ಕಿವಿ ಹಿಂದಕ್ಕೆ ಮಡಚಿದ್ದರೆ ಅಳತೆಗೋಲೇ ಕುಗ್ಗಿ, ಸಣ್ಣ ಕೊಂಬೂ ದೊಡ್ಡದಾಗಿ ಕಾಣುತ್ತದೆ.

ಅದೇ ಕೌಂಟಿಗಳಲ್ಲಿ ಒಂದು ಬದಿಯ ಕೊಂಬಾದರೂ ಕವಲೊಡೆಯದಿದ್ದರೆ, ಅಗಲ ಎಷ್ಟೇ ಇರಲಿ, ಆ ಜಿಂಕೆಯನ್ನು ಹೊಡೆಯಬಹುದು. ಪೆನ್ಸಿಲ್ವೇನಿಯಾದಲ್ಲಿ ವಯಸ್ಕ ಬೇಟೆಗಾರ ಮುಟ್ಟಬಾರದ ಸ್ಪೈಕ್ ಗಂಡು ಟೆಕ್ಸಸ್‌ನಲ್ಲಿ ಕಾನೂನುಬದ್ಧ! ಒಂದು ರಾಜ್ಯದಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯುವವರು ದಂಡ ಕಟ್ಟುವುದು ಇಂಥ ಕಡೆಯೇ.

ಹೋದ ವರ್ಷದ ಪುಸ್ತಿಕೆಯನ್ನೂ ನಂಬುವಂತಿಲ್ಲ. ಮಿಸ್ಸೌರಿ 2004ರಲ್ಲಿ ಕೆಲವು ಕೌಂಟಿಗಳಲ್ಲಿ ಕವಲಿನ ನಿಯಮ ತಂದಿತು. ಮುಂದೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಾರಕ ರೋಗ ಕಾಣಿಸಿಕೊಂಡ ಕಡೆ ಅದನ್ನು ತೆಗೆದುಹಾಕಿತು. ತಾಯಿಯ ನೆಲೆ ಬಿಟ್ಟು ದೂರ ಅಲೆಯುವ ಎಳೆ ಗಂಡುಗಳು ರೋಗವನ್ನು ಹೊಸ ಜಾಗಕ್ಕೆ ಒಯ್ಯಬಲ್ಲವು. ವಯಸ್ಸಾದ ಗಂಡುಗಳಲ್ಲಿ ಸೋಂಕಿನ ಪ್ರಮಾಣ ಹೆಚ್ಚು. ಇವೆರಡನ್ನೂ ಉಳಿಸಿ ಬೆಳೆಸುವ ನಿಯಮ ಅಂಥ ಕಡೆ ರೋಗಕ್ಕೇ ನೆರವಾಗುತ್ತದೆ.