ಪದ ಪರಿಚಯ: ಕೋಟ್ಪಾ

ಗೂಡಂಗಡಿಗೆ ದಂಡ ಹಾಕಿದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಈ ಪದ ಇದ್ದೇ ಇರುತ್ತದೆ. 'ಕೋಟ್ಪಾ ಅಡಿ ದಾಳಿ', 'ಕೋಟ್ಪಾ ಪ್ರಕರಣ ದಾಖಲು' ಅಂತ. 2003ರಲ್ಲಿ ಸಂಸತ್ತು ಪಾಸು ಮಾಡಿದ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ ಗಿಡ್ಡ ಹೆಸರು ಇದು. ಉದ್ದದ ಹೆಸರು ಹೇಳೋಕೆ ಹೊರಟರೆ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ಬೇಕು.

ಜಾರಿಗೆ ಬಂದದ್ದು 2004ರ ಮೇ 1ಕ್ಕೆ. ಅದರಲ್ಲಿ ಜನಸಾಮಾನ್ಯರಿಗೆ ತಾಗುವ ಸೆಕ್ಷನ್‌ಗಳು ಕೆಲವೇ. ಸೆಕ್ಷನ್ 4 ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುತ್ತದೆ. 5 ಜಾಹೀರಾತು ಬೇಡ ಅನ್ನುತ್ತದೆ. 6ರ ಪ್ರಕಾರ 18 ತುಂಬದವರಿಗೆ ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. 7 ಪ್ಯಾಕಿನ ಮೇಲಿನ ಎಚ್ಚರಿಕೆಯದು. ಸೇದಿ ಸಿಕ್ಕಿಬಿದ್ದರೆ ದಂಡ 200 ರೂಪಾಯಿವರೆಗೆ ಇತ್ತು.

ಇಂಥ ಕಾಯ್ದೆ ಪಾಸಾಗುವುದು ಅಷ್ಟೇನೂ ಕಷ್ಟವಲ್ಲ. ತಂಬಾಕು ಒಳ್ಳೆಯದು ಅಂತ ಸದನದಲ್ಲಿ ಎದ್ದು ನಿಂತು ಹೇಳೋಕೆ ಯಾವ ಪಕ್ಷದವರಿಗೂ ಬಾಯಿ ಬರುವುದಿಲ್ಲ. ಜಗ್ಗಾಟ ಶುರುವಾಗುವುದು ಆಮೇಲೆ. ಎಚ್ಚರಿಕೆ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಎಷ್ಟು ದೊಡ್ಡದು, ಯಾವ ಚಿತ್ರ, ಯಾವತ್ತಿನಿಂದ ಅನ್ನೋದನ್ನು ಸರ್ಕಾರ ನಿಯಮ ಮಾಡಿ ತಿಳಿಸಬೇಕು. ಆ ನಿಯಮದ ಸುದ್ದಿ ಟಿವಿಯಲ್ಲಿ ಬರೋದು ಕಡಿಮೆ. ಒತ್ತಡ ಹಾಕುವವರಿಗೆ ಬೇಕಾದದ್ದೂ ಅದೇ.

ಚಿತ್ರದ ಕತೆಯನ್ನೇ ನೋಡಿ. ಪ್ಯಾಕಿನ ಮೇಲೆ ತಲೆಬುರುಡೆ, ಮೂಳೆ ಇರಬೇಕು ಅಂತ ಮೂಲ ಕಾಯ್ದೆಯಲ್ಲೇ ಬರೆದಿತ್ತು. ಬೀಡಿ ಕಟ್ಟುವ ಸೀಮೆಗಳ ಸಂಸದರು ಗಲಾಟೆ ಮಾಡಿದರು. 2007ರಲ್ಲಿ ತಿದ್ದುಪಡಿ ತಂದು, ಬುರುಡೆ ಕಡ್ಡಾಯವಲ್ಲ ಅಂತ ಮಾಡಿದರು. ಚಿತ್ರದ ನಿಯಮ ಹೊರಟದ್ದು 2006ರಲ್ಲಿ, ಪ್ಯಾಕಿಗೆ ಚಿತ್ರ ಬಂದದ್ದು 2009ರ ಮೇ 31ಕ್ಕೆ. ಅದೂ ಮುಂಭಾಗದಲ್ಲಿ ಮಾತ್ರ, ಶೇ 40ರಷ್ಟು ಜಾಗದಲ್ಲಿ.

2014ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಶೇ 85ಕ್ಕೆ ಏರಿಸಿ, ಎರಡೂ ಬದಿಗೆ ಇರಬೇಕು ಅಂತು. 2015ರ ಏಪ್ರಿಲ್ 1 ಗಡುವು. ಇನ್ನೇನು ಜಾರಿಯಾಗಬೇಕು ಅನ್ನುವಾಗ ಲೋಕಸಭೆಯ ಒಂದು ಸಮಿತಿ ತಡೆಯಿರಿ ಅಂತು. ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಸಮಿತಿ ಅದು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಅನ್ನೋದಕ್ಕೆ ನಮ್ಮ ದೇಶದ ಅಧ್ಯಯನ ಎಲ್ಲಿದೆ ಅಂತ ಕೇಳಿದವರು ಅದರ ಅಧ್ಯಕ್ಷ ದಿಲೀಪ್ ಗಾಂಧಿ. ಅದೇ ಸಮಿತಿಯಲ್ಲಿ ಅಲಹಾಬಾದಿನ ಸಂಸದ ಶ್ಯಾಮಚರಣ್ ಗುಪ್ತಾ ಇದ್ದರು. ಅವರದು ಬೀಡಿ ಉದ್ಯಮ. ಬೀಡಿ ಮಾರುವವರೇ ಬೀಡಿಯ ಎಚ್ಚರಿಕೆ ಎಷ್ಟಿರಬೇಕು ಅಂತ ಅಳೆಯೋಕೆ ಕೂತರೆ ಹೆಂಗೆ? ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ಕ್ಕೆ ನಿಯಮ ಜಾರಿಯಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಬೇರೆ ಬೇರೆ ಕೋರ್ಟುಗಳಲ್ಲಿದ್ದ ಕಂಪನಿಗಳ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟು ನಮ್ಮ ಹೈಕೋರ್ಟಿಗೇ ಕಳಿಸಿತು. 2017ರ ಡಿಸೆಂಬರ್ 15ರಂದು ಕರ್ನಾಟಕ ಹೈಕೋರ್ಟು ಶೇ 85ರ ನಿಯಮವನ್ನು ರದ್ದು ಮಾಡಿತು. 2018ರ ಜನವರಿ 8ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಇವತ್ತಿಗೂ ಪ್ಯಾಕಿನ ಮೇಲೆ ದೊಡ್ಡ ಚಿತ್ರ ಉಳಿದಿರುವುದು ಹೀಗೆ.

ಇಷ್ಟೆಲ್ಲ ಬಡಿದಾಟ ಪ್ಯಾಕಿನ ಮೇಲೆ. ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಬೀಡಾ ಅಂಗಡಿ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ, ಪ್ಯಾಕು ಕೊಳ್ಳುವವರು ಎಷ್ಟು ಜನ? "ಅಣ್ಣಾ, ಒಂದು ಕೊಡು" ಅನ್ನುವವರೇ ಜಾಸ್ತಿ. ಅಂಗಡಿಯವನು ತೆರೆದ ಪ್ಯಾಕಿನಿಂದ ಒಂದನ್ನು ಎಳೆದು ಕೊಡುತ್ತಾನೆ. ಗಿರಾಕಿ ದಾರಕ್ಕೆ ಕಟ್ಟಿದ ಲೈಟರ್ ಹಿಡಿದು ಹಚ್ಚಿಕೊಳ್ಳುತ್ತಾನೆ. ಶೇ 85ರ ಚಿತ್ರ ಅಂಗಡಿಯವನ ಕಡೆಗೇ ಮುಖ ಮಾಡಿಕೊಂಡು ಕೂತಿರುತ್ತದೆ.

ಈ ತೂತು ಮುಚ್ಚೋಕೆ ಕರ್ನಾಟಕ ಸರ್ಕಾರ ತನ್ನದೇ ತಿದ್ದುಪಡಿ ತಂದಿತು. ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಸಿಗರೇಟು ಮಾರಾಟಕ್ಕೆ ನಿಷೇಧ ಬಂತು. ದಂಡ 1000 ರೂಪಾಯಿ ಆಯಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು. ವಿಧಾನಮಂಡಲ ಇದನ್ನು ಪಾಸು ಮಾಡಿದ್ದು 2024ರ ಫೆಬ್ರವರಿಯಲ್ಲಿ. ಕೇಂದ್ರದ ಕಾಯ್ದೆಯನ್ನು ರಾಜ್ಯ ಬದಲಿಸಿದ್ದಲ್ವಾ, ರಾಷ್ಟ್ರಪತಿಗಳ ಅಂಕಿತ ಬೇಕಾಯಿತು. ಅದು ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ. ಮಧ್ಯೆ ಒಂದೂಕಾಲು ವರ್ಷ ಹೋಯಿತು.

ಬೀಡಿಯ ವಿಷಯಕ್ಕೆ ಬಂದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ದಾವಣಗೆರೆಯ ಹಳೇ ಭಾಗದಲ್ಲಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರಿಗೆ ಕೂಲಿ ಸಾವಿರ ಬೀಡಿ ಲೆಕ್ಕದಲ್ಲಿ ಸಿಗುತ್ತದೆ. ಎಲೆ ಕತ್ತರಿಸಿ, ಸೊಪ್ಪು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟಿದರೆ ಒಂದು. ಕಾನೂನು ಬಿಗಿಯಾಗುತ್ತದೆ ಅಂದ ಕೂಡಲೇ ಮಾಲೀಕರು ಮುಂದೆ ತೋರಿಸುವುದು ಇವರನ್ನೇ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಅನ್ನುವ ಹೆಚ್ಚುವರಿ ತೆರಿಗೆ ಬಿತ್ತು, ಬೀಡಿಗೆ ಬೀಳಲಿಲ್ಲ. ಆ ರಿಯಾಯಿತಿಯಿಂದ ಮೊರದ ಮುಂದೆ ಕೂತವಳ ಕೂಲಿ ಎಷ್ಟು ಏರಿತು ಅನ್ನೋದನ್ನು ಸದನದಲ್ಲಿ ಯಾರಾದರೂ ಕೇಳಬೇಕಿತ್ತು.

ನಮ್ಮ ಜಿಲ್ಲೆಯ ನಿಜವಾದ ಬಿಸಿ ಇರುವುದು ಅಡಿಕೆಯಲ್ಲಿ. ಚನ್ನಗಿರಿ ಕಡೆ ಹೋದರೆ ರಸ್ತೆಯ ಎರಡೂ ಬದಿ ತೋಟ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಭೀಮಸಮುದ್ರದಲ್ಲೂ ಅಷ್ಟೇ. ಇವತ್ತು ಕ್ವಿಂಟಲ್‌ಗೆ ರಾಶಿ (ಅಡಿಕೆಯ ಒಂದು ಬಗೆ) ರೇಟು ಎಷ್ಟು ಅನ್ನೋದು ಅಲ್ಲಿ ಬೆಳಗಿನ ಮೊದಲ ಮಾತು. ಆ ಅಡಿಕೆಯಲ್ಲಿ ದೊಡ್ಡ ಪಾಲು ಹೋಗುವುದು ಪಾನ್ ಮಸಾಲಾ, ಗುಟ್ಕಾ ಕಾರ್ಖಾನೆಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂದಿದೆ. ಆದರೂ ಇಲ್ಲಿ ಯಾವ ಪಕ್ಷದವರೂ ಅಡಿಕೆ ವಿರುದ್ಧ ಮಾತಾಡಿ ಓಟು ಕೇಳುವುದಿಲ್ಲ. ರೈತನ ಕಡೆಯಿಂದ ನೋಡಿದರೆ ಅದರಲ್ಲಿ ನ್ಯಾಯವೂ ಇದೆ. ತೋಟ ಫಸಲಿಗೆ ಬರೋಕೆ ವರ್ಷಗಟ್ಟಲೆ ಬೇಕು, ಒಂದು ಆದೇಶಕ್ಕೆ ಕಡಿದು ಬೇರೆ ಬೆಳೆ ಹಾಕೋಕೆ ಆಗುತ್ತದಾ?

ಗುಟ್ಕಾ ನಿಷೇಧ ಕೋಟ್ಪಾ ಅಡಿ ಬಂದದ್ದಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೋಟ್ಪಾ ತಂಬಾಕು ಮಾರಾಟಕ್ಕೆ ಕಟ್ಟುಪಾಡು ಹಾಕುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಹಾಗಾಗಿ ಸರ್ಕಾರಗಳು ಆಹಾರ ಸುರಕ್ಷತಾ ಕಾನೂನಿನ ಕಡೆಯಿಂದ ಬಂದವು. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಬಾರದು ಅನ್ನುವ 2011ರ ನಿಯಮ ಹಿಡಿದು 2012ರಲ್ಲಿ ಮಧ್ಯಪ್ರದೇಶ ಮೊದಲು ಗುಟ್ಕಾ ನಿಷೇಧಿಸಿತು. ಕರ್ನಾಟಕದಲ್ಲಿ 2013ರ ಮೇ ತಿಂಗಳಲ್ಲಿ, ಹೊಸ ಸರ್ಕಾರ ಬಂದ ಕೆಲವೇ ದಿನಕ್ಕೆ ಆದೇಶವಾಯಿತು. ಬೆಳೆಗಾರರು ಬೀದಿಗಿಳಿದರು.

ಕಂಪನಿಗಳು ಬೇಗ ದಾರಿ ಹುಡುಕಿದವು. ಗುಟ್ಕಾ ಅಂದರೆ ಪಾನ್ ಮಸಾಲಾ, ತಂಬಾಕು ಎರಡೂ ಬೆರೆತದ್ದು ತಾನೇ? ಬೇರೆ ಬೇರೆ ಪ್ಯಾಕೆಟ್ ಮಾಡಿದರಾಯಿತು. ಈಗ ಅಂಗಡಿಯಲ್ಲಿ ಎರಡು ಸರ ಅಕ್ಕಪಕ್ಕ ನೇತಾಡುತ್ತವೆ. ಗಿರಾಕಿ ಎರಡನ್ನೂ ಹರಿದು, ಸಣ್ಣದನ್ನು ದೊಡ್ಡದಕ್ಕೆ ಸುರಿದು, ಬಾಯಿ ಮಡಚಿ ಎರಡು ಸಲ ಅಲ್ಲಾಡಿಸಿದರೆ ಗುಟ್ಕಾ ರೆಡಿ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೂ ನಿಲ್ಲಿಸಿ ಅಂತ ರಾಜ್ಯಗಳಿಗೆ ಹೇಳಿತು.

ಇನ್ನೊಂದು ತೊಡಕು ಆಹಾರ ಕಾನೂನಿನ ಒಳಗೇ ಇದೆ. ಅದರ ಸೆಕ್ಷನ್ 30ರಲ್ಲಿ ಆಹಾರ ಸುರಕ್ಷತಾ ಆಯುಕ್ತರು ಒಮ್ಮೆಗೆ ಒಂದು ವರ್ಷದವರೆಗೆ ಮಾತ್ರ ನಿಷೇಧ ಹಾಕಬಹುದು. ಅವಧಿ ಮುಗಿಯುವ ಮೊದಲು ಹೊಸ ಆದೇಶಕ್ಕೆ ಸಹಿ ಬೀಳಬೇಕು. ಪ್ರತಿ ವರ್ಷ.