ಖುಕುರಿಗೆ ಕೆಟಲಿನ ನೀರು

ಖುಕುರಿ ಅಂದರೆ ನೇಪಾಳದ ಬಾಗಿದ ಕತ್ತಿ. ಅದನ್ನು ಮಾಡುವ ಕುಲುಮೆಯಲ್ಲಿ ಸುತ್ತಿಗೆ, ಇಕ್ಕಳ, ಅಡಿಗಲ್ಲು ಇರುತ್ತವೆ. ಅದೇನೂ ಹೊಸದಲ್ಲ. ಅವುಗಳ ಪಕ್ಕದಲ್ಲಿ ಒಂದು ಟೀ ಕೆಟಲ್ ಕೂಡ ಇರುತ್ತದೆ. ಚಹಾ ಕುಡಿಯಲಿಕ್ಕಲ್ಲ. ಕೆಂಪಗೆ ಕಾದ ಕತ್ತಿಯ ಬಾಯಿಯ ಮೇಲೆ ಸಣ್ಣ ಧಾರೆಯಾಗಿ ನೀರು ಬಿಡಲಿಕ್ಕೆ. ನೀರು ಬಿದ್ದ ಕಡೆ ಚುಂಯ್ ಅನ್ನುತ್ತದೆ, ಹಬೆ ಏಳುತ್ತದೆ, ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಆ ಖುಕುರಿ ಮುಂದೆ ಮರ ಕಡಿಯುತ್ತದೋ, ಗೋಡೆಯ ಮೇಲೆ ನೇತಾಡುತ್ತದೋ ಅನ್ನುವುದು ತೀರ್ಮಾನವಾಗುವುದು ಆಗಲೇ.

ಕೈಯಿಂದ ಮಾಡಿದ ಖುಕುರಿಗೂ ಕಾರ್ಖಾನೆಯ ಖುಕುರಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ಹೆಚ್ಚಿನವರು ಸುತ್ತಿಗೆಯ ಮಾತು ತೆಗೆಯುತ್ತಾರೆ. ಬಡಿದೂ ಬಡಿದೂ ಉಕ್ಕು ಗಟ್ಟಿಯಾಗುತ್ತದಂತೆ, ಅಣುಗಳು ಒತ್ತೊತ್ತಾಗಿ ಕೂರುತ್ತವಂತೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಕೆಂಪಗೆ ಕಾದ ಉಕ್ಕನ್ನು ಎಷ್ಟು ಬಡಿದರೂ ಅದರ ಸಾಂದ್ರತೆ ಬದಲಾಗುವುದಿಲ್ಲ. ಹಿಂದಿನ ಕಾಲದ ಕಬ್ಬಿಣದಲ್ಲಿ ಕಿಟ್ಟ ಸೇರಿಕೊಂಡಿರುತ್ತಿತ್ತು, ಅದನ್ನು ಹೊರಹಾಕಲು ಬಡಿಯಲೇಬೇಕಿತ್ತು. ಇವತ್ತು ನೇಪಾಳದ ಕಮ್ಮಾರರು ಬಹಳಷ್ಟು ಸಲ ಬಳಸುವುದು ಲಾರಿ, ಜೀಪುಗಳ ಹಳೆಯ ಸ್ಪ್ರಿಂಗ್ ಪಟ್ಟಿ. ಅಂದರೆ ಕೈಕೆಲಸದ ಖುಕುರಿಯ ಉಕ್ಕು ಹುಟ್ಟಿದ್ದೇ ಕಾರ್ಖಾನೆಯಲ್ಲಿ! ಅದರಲ್ಲಿ ಸುಮಾರು 0.6 ಶೇಕಡಾ ಇಂಗಾಲ ಇರುತ್ತದೆ. ಒಳ್ಳೆಯ ಕತ್ತಿಗೆ ಅಷ್ಟು ಧಾರಾಳ ಸಾಕು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಬಿಸಿಯಲ್ಲಿದೆ. ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿಸಿದಾಗ ಕಬ್ಬಿಣದ ಪರಮಾಣುಗಳು ಸಾಲು ಬದಲಿಸಿ ಕೂರುತ್ತವೆ. ಆಗ ಅವುಗಳ ನಡುವೆ ಇಂಗಾಲ ಆರಾಮವಾಗಿ ಹೊಕ್ಕುತ್ತದೆ. ನಿಧಾನವಾಗಿ ಆರಿಸಿದರೆ ಕಬ್ಬಿಣ ಹಳೆಯ ಸಾಲಿಗೆ ಮರಳುತ್ತದೆ, ಇಂಗಾಲ ಬಸ್ಸಿನಿಂದ ಇಳಿದ ಹಾಗೆ ಹೊರಗೆ ಬರುತ್ತದೆ. ಥಟ್ಟನೆ ಆರಿಸಿದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಇಂಗಾಲ ಒಳಗೇ ಸಿಕ್ಕಿಬೀಳುತ್ತದೆ. ಬೆಳಗಿನ ಒಂಬತ್ತು ಗಂಟೆಯ ಸಿಟಿ ಬಸ್ಸಿನಂತೆ ಯಾರೂ ಅಲುಗಾಡಲಾರರು. ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಲಾಗದ ಈ ಸ್ಥಿತಿಗೇ ನಾವು ಗಡಸು ಅನ್ನುವುದು. ಲೋಹ ತಜ್ಞರು ಇದನ್ನು ಮಾರ್ಟೆನ್ಸೈಟ್ ಎನ್ನುತ್ತಾರೆ. ಗಡಸೇನೋ ಹೌದು, ಆದರೆ ಗಾಜಿನಂತೆ ಸಿಡಿಯುವ ಸ್ವಭಾವ ಅದರದ್ದು.

ಕಮ್ಮಾರನ ಕಷ್ಟ ಇಲ್ಲಿದೆ. ಗಡಸಾಗದಿದ್ದರೆ ಬಾಯಿ ಮಡಚಿಕೊಳ್ಳುತ್ತದೆ. ಪೂರ್ತಿ ಗಡಸಾದರೆ ಮೊದಲನೇ ಗಂಟಿನ ಮರಕ್ಕೇ ಕತ್ತಿ ಎರಡು ತುಂಡು. ಕೆಟಲ್ ಈ ಗಂಟನ್ನು ಬಿಡಿಸುತ್ತದೆ. ನೀರು ಬೀಳುವುದು ಬಾಯಿಗೆ ಮಾತ್ರ, ಅದರಲ್ಲೂ ಹೆಚ್ಚಾಗಿ ಪೆಟ್ಟು ಬೀಳುವ ಹೊಟ್ಟೆಯ ಭಾಗಕ್ಕೆ. ದಪ್ಪನೆಯ ಬೆನ್ನು ತನ್ನ ಪಾಡಿಗೆ ನಿಧಾನವಾಗಿ ಆರುತ್ತದೆ, ಮೆತ್ತಗೆ ಉಳಿಯುತ್ತದೆ, ಏಟು ತಡೆದುಕೊಳ್ಳುತ್ತದೆ. ಜಪಾನಿನವರು ಇದೇ ಉದ್ದೇಶಕ್ಕೆ ಕತ್ತಿಯ ಬೆನ್ನಿಗೆ ಜೇಡಿಮಣ್ಣು ಮೆತ್ತಿ ನೀರಿಗೆ ಅದ್ದುತ್ತಿದ್ದರು.

ಇನ್ನೊಂದು ಸೊಗಸಿದೆ. ಬಾಯಿ ತಣ್ಣಗಾದ ಮೇಲೂ ಬೆನ್ನಿನಲ್ಲಿ ಬಿಸಿ ಉಳಿದಿರುತ್ತದೆ. ಅದು ಮೆಲ್ಲಗೆ ಬಾಯಿಯ ಕಡೆ ಹರಿದು ಬರುತ್ತದೆ. ಆ ಸಣ್ಣ ಕಾವು ಮಾರ್ಟೆನ್ಸೈಟಿನ ಬಿಗಿಯನ್ನು ಸ್ವಲ್ಪ ಸಡಿಲಿಸಿ, ಅದರ ಸಿಡುಕು ಇಳಿಸುತ್ತದೆ. ಎಷ್ಟು ಇಳಿಯಿತು ಅಂತ ತಿಳಿಯಲು ಥರ್ಮಾಮೀಟರ್ ಬೇಕಿಲ್ಲ. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಹಳದಿ ಮೂಡುತ್ತದೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಮಳೆಗಾಲದಲ್ಲಿ ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ಲಿನ ಬಣ್ಣಗಳು ಹುಟ್ಟುವ ಹಾಗೆಯೇ ಇದೂ. ತೆಳ್ಳನೆಯ ಆಕ್ಸೈಡ್ ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಆಸುಪಾಸು. ನೀಲಿಯಾಗುವ ತನಕ ಬಿಟ್ಟರೆ ಬಾಯಿ ಮತ್ತೆ ಮೆತ್ತಗಾಯಿತು ಅಂತಲೇ. ಈ ಹದಕ್ಕೆ ನೇಪಾಳಿಯಲ್ಲಿ ಪಾಇನ್ ಎನ್ನುತ್ತಾರೆ.

ಕಾರ್ಖಾನೆಯಲ್ಲಿ ಇಷ್ಟೆಲ್ಲ ನಾಟಕ ಇಲ್ಲ. ಉಕ್ಕಿನ ಹಾಳೆಯಿಂದ ಆಕಾರ ಕತ್ತರಿಸುತ್ತಾರೆ. ಲೆಕ್ಕ ಹಾಕಿದ ಉಷ್ಣತೆಯ ಕುಲುಮೆಗೆ ಹಾಕಿ, ಎಣ್ಣೆಗೆ ಅದ್ದಿ, ಆಮೇಲೆ ಓವನ್ನಿನಲ್ಲಿ 200 ಡಿಗ್ರಿಗೆ ಮೇಲ್ಪಟ್ಟು ಗಂಟೆಗಟ್ಟಲೆ ಇಡುತ್ತಾರೆ. ವಜ್ರದ ಮೊನೆಯನ್ನು 150 ಕೆಜಿ ಭಾರದಲ್ಲಿ ಒತ್ತಿ ಗಡಸುತನ ಅಳೆಯುತ್ತಾರೆ. ಬೆನ್ನಿನಿಂದ ಬಾಯಿಯವರೆಗೆ ಒಂದೇ ಹದ, ಸ್ವಲ್ಪ ನಡುವಿನದ್ದು. ಅತ್ಯುತ್ತಮವೂ ಅಲ್ಲ, ಕಳಪೆಯೂ ಅಲ್ಲ. ಸಾವಿರ ತುಂಡು ತೆಗೆದರೆ ಸಾವಿರವೂ ಒಂದೇ ಥರ. ಇದನ್ನು ಹಗುರವಾಗಿ ನೋಡಬೇಡಿ. ಕೆಟಲ್ ಹಿಡಿದ ಕೈ ಒಂದು ದಿನ ದಣಿದಿರಬಹುದು, ಅಂದಿನ ಕತ್ತಿ ಕೆಟ್ಟಿರಬಹುದು.

ಆಕಾರದ ವಿಷಯದಲ್ಲಿ ಮಾತ್ರ ನನ್ನ ಮತ ಕೈಕೆಲಸಕ್ಕೆ. ಸುತ್ತಿಗೆಯ ನಿಜವಾದ ಲಾಭ ಇಲ್ಲಿದೆ. ಬಡಿದು ಮಾಡಿದ ಖುಕುರಿಯ ಬೆನ್ನು ಹಿಡಿಯ ಹತ್ತಿರ 8-10 ಮಿಲಿಮೀಟರ್ ದಪ್ಪ ಇರಬಹುದು, ತುದಿಯ ಕಡೆ ಹೋದಂತೆ ತೆಳುವಾಗುತ್ತದೆ. ಹಾಳೆಯಿಂದ ಕತ್ತರಿಸಿದ್ದು ಸಾಮಾನ್ಯವಾಗಿ ಉದ್ದಕ್ಕೂ ಒಂದೇ ದಪ್ಪ. ಖುಕುರಿಯ ಅಲಗು ನಡುವೆ ಮುಂದಕ್ಕೆ ಬಾಗಿ ಅಗಲವಾಗುತ್ತದೆ, ಹಾಗಾಗಿ ಭಾರ ಕೈಯಿಂದ ದೂರ ಕೂರುತ್ತದೆ. ಬೀಸಿದರೆ ಕೊಡಲಿಯ ಪೆಟ್ಟು. ಬಾಗಿದ ಬಾಯಿ ಓರೆಯಾಗಿ ತಾಗುವುದರಿಂದ ಪೆಟ್ಟಿನ ಜೊತೆ ಎಳೆದು ಕೊಯ್ದಂತೆಯೂ ಆಗುತ್ತದೆ. ಕೊಡಗಿನ ಒಡಿಕತ್ತಿ ನೋಡಿದವರಿಗೆ ಈ ಉಪಾಯ ತಟ್ಟನೆ ಗೊತ್ತಾಗುತ್ತದೆ. ಅದರದ್ದೂ ಒಳಬಾಗಿದ ಬಾಯಿ, ಮುಂದಕ್ಕೆ ತೂಗುವ ಅಲಗು.

ಹಿಡಿಯ ಕಥೆ ಬೇರೆ. ಹಳೆಯ ಪದ್ಧತಿಯಲ್ಲಿ ಮರದ ಅಥವಾ ಎಮ್ಮೆ ಕೊಂಬಿನ ಹಿಡಿಗೆ ಲಾಹಾ ಎಂಬ ಅಂಟು ಹಾಕಿ ಕೂರಿಸುತ್ತಾರೆ. ನಮ್ಮ ಅರಗಿನ ಥರದ್ದೇ, ಕಾಯಿಸಿದರೆ ಕರಗುತ್ತದೆ. ಹಿಡಿ ಸಡಿಲವಾದರೆ ಮತ್ತೆ ಕಾಯಿಸಿ ಕೂರಿಸಬಹುದು. ಕಾರ್ಖಾನೆಯ ರಬ್ಬರಿನಂಥ ಹಿಡಿ ಮಳೆಗೂ ಜಗ್ಗುವುದಿಲ್ಲ, ಬೆವರಿಗೂ ಜಾರುವುದಿಲ್ಲ. ಆದರೆ ಮುರಿದರೆ ಮುಗಿಯಿತು. ಇನ್ನು ಒರೆಯಲ್ಲಿ ಜೊತೆಗೆ ಬರುವ ಎರಡು ಪುಟ್ಟ ಚಾಕುಗಳು: ಕರ್ದಾ ಸಣ್ಣಪುಟ್ಟ ಕೆಲಸಕ್ಕೆ, ಮೊಂಡಾದ ಚಕ್ಮಕ್ ಬಾಯಿ ತೀಡಲಿಕ್ಕೆ ಮತ್ತು ಕಲ್ಲಿಗೆ ಹೊಡೆದು ಕಿಡಿ ಎಬ್ಬಿಸಲಿಕ್ಕೆ. ಹೌದು, ನಮ್ಮ ಚಕಮಕಿ ಕಲ್ಲಿನ ಚಕಮಕಿಯೇ ಅದು.

ಅಂದ ಹಾಗೆ, ಒಂದೇ ಅಳತೆಯ ಖುಕುರಿ ಇವತ್ತಿನದ್ದೇನಲ್ಲ. ಈಸ್ಟ್ ಇಂಡಿಯಾ ಕಂಪನಿ 1815ರಲ್ಲೇ ಗೂರ್ಖಾಗಳನ್ನು ಪಡೆಗೆ ಸೇರಿಸಿಕೊಂಡಿತು. ಎರಡು ಮಹಾಯುದ್ಧಗಳ ಕಾಲದಲ್ಲಿ ಇಸವಿಯ ಮುದ್ರೆ ಒತ್ತಿದ ಸೇನೆಯ ಖುಕುರಿಗಳು ರಾಶಿರಾಶಿ ತಯಾರಾದವು. ಅತ್ತ ನೇಪಾಳದ ಭೋಜಪುರದಂಥ ಊರುಗಳಲ್ಲಿ ಕಾಮಿ ಸಮುದಾಯದವರು ಕೈಕೆಲಸ ಮುಂದುವರಿಸಿದರು. ದೇಶವೇ ಹೆಮ್ಮೆಪಡುವ ಕತ್ತಿ ಮಾಡಿದ ಇವರನ್ನು ಅದೇ ದೇಶ ಮುಟ್ಟಬಾರದವರು ಎಂದು ಹೊರಗಿಟ್ಟಿತ್ತು. ಈ ಮಾತು ಅಂಗಡಿಯವರು ಹೇಳುವ ಖುಕುರಿ ಕಥೆಗಳಲ್ಲಿ ಬರುವುದು ಕಡಿಮೆ.

ಅಂಗಡಿ ಅಂದಾಗ ನೆನಪಾಯಿತು. ಕಠ್ಮಂಡುವಿನ ತಮೆಲ್‌ನಲ್ಲಿ ನಾನೂ ಒಂದು ಕೊಂಡೆ. ‘ಅಪ್ಪಟ ಕೈಕೆಲಸ’ ಅಂದರು, ಕನ್ನಡಿಯಂತೆ ಹೊಳೆಯುತ್ತಿತ್ತು. ಊರಿಗೆ ತಂದು ಒಣ ಬಿದಿರಿಗೆ ಹಾಕಿದೆ. ಬಾಯಿ ತಗಡಿನಂತೆ ಮಡಚಿತು. ಕೊನೆಗೆ ಅದನ್ನು ನಮ್ಮೂರ ಕುಲುಮೆಗೆ ಒಯ್ದೆ. ಕಮ್ಮಾರರು ಮೊದಲು ಸಾಣೆ ಚಕ್ರಕ್ಕೆ ಹಿಡಿದು ಕಿಡಿ ನೋಡಿದರು. ಕಿಡಿಗಳು ಕವಲೊಡೆದು ಹೂವಿನಂತೆ ಸಿಡಿದವು. ಇಂಗಾಲ ಸಾಕಷ್ಟಿದ್ದರೆ ಮಾತ್ರ ಹಾಗೆ.

“ಉಕ್ಕು ಒಳ್ಳೇದೇ ಸ್ವಾಮಿ, ಇದಕ್ಕೆ ನೀರೇ ಕುಡಿಸಿಲ್ವಲ್ಲ?” ಅಂದರು.

ಅವರ ಹತ್ತಿರ ಕೆಟಲ್ ಇರಲಿಲ್ಲ. ಕೆಂಪಗೆ ಕಾಯಿಸಿ, ಪಕ್ಕದ ಕಲ್ಲು ಬಾನಿಯಲ್ಲಿ ಬಾಯಿಯನ್ನಷ್ಟೇ ಅದ್ದಿ ತೆಗೆದರು. ಬೆನ್ನು ಇನ್ನೂ ಮಂಕು ಕೆಂಪಾಗಿತ್ತು. ಬಾಯಿಯನ್ನು ಕಲ್ಲಿಗೆ ಉಜ್ಜಿ, ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತರು. ಹಳದಿ ಬಂತು. ಮತ್ತೆ ಬಾನಿಗೆ.